ಇಲ್ಲಿ ಯಾರನ್ನು ಕೇಳಬೇಕು?

ಒಂದು ದೇಶದಲ್ಲಿ ಹದಿನಾಲ್ಕು ಹದಿನೈದು ವರ್ಷ ಬದುಕಿದ ಮೇಲೆ, ಇನ್ನು ನನ್ನನ್ನು ಬೆಚ್ಚಿಬೀಳಿಸುವಂಥದ್ದು ಇಲ್ಲೇನೂ ಉಳಿದಿಲ್ಲ ಎಂದುಕೊಳ್ಳುವುದು ಮನುಷ್ಯರಿಗೆ ಸಹಜವಾಗಿ ಬರುವ ಒಂದು ಸೊಕ್ಕು. ನನಗೂ ಅದು ಬಂದಿತ್ತು. ಜೂನ್ ತಿಂಗಳಲ್ಲಿ ಸ್ವೆಟರು, ಒಂದೇ ಬೇಸಿನ್ನಿಗೆ ಕುದಿಯುವ ನೀರಿಗೊಂದು ಮರಗಟ್ಟುವ ನೀರಿಗೊಂದು ನಲ್ಲಿ, ಮೈಗೆ ಮೈ ತಾಗಿದರೆ ತಾಗಿಸಿದವರೂ ತಾಗಿಸಿಕೊಂಡವರೂ ಇಬ್ಬರೂ ಸಾರಿ ಕೇಳುವುದು, ಎಲ್ಲವನ್ನೂ ಅರಗಿಸಿಕೊಂಡಿದ್ದೆ. ನಮ್ಮ ಮೈಸೂರಿನಲ್ಲಾದರೆ ಆಘಾತ ಸದ್ದು ಮಾಡಿಕೊಂಡು ಬರುತ್ತದೆ. ಪಕ್ಕದ ಮನೆಯವರು ಕೂಗಿಕೊಳ್ಳುತ್ತಾರೆ, ಬೀದಿಯವರೆಲ್ಲ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ, ನಮಗೂ ಎದೆ ಗಟ್ಟಿ ಮಾಡಿಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಅದು ಕೈಯಲ್ಲಿ ಟೀ ಕಪ್ಪು ಹಿಡಿದು, ಮುಗುಳ್ನಗುತ್ತ, ಗುರುತಿಲ್ಲದವರನ್ನೂ ಇಲ್ಲಿ ಕರೆಯುವ ಹಾಗೆ ‘ಸಾರಿ ಲವ್’ ಎನ್ನುತ್ತ ಬರುತ್ತದೆ. ಒಂದು ಭಾನುವಾರ ನನಗೆ ಇಂಥವು ಸಾಲಾಗಿ ಬಂದವು. ತೆರೆದ ಬಾಯಿ ಮುಚ್ಚುವುದಕ್ಕೂ ಬಿಡುವು ಸಿಗಲಿಲ್ಲ.

ನಾನಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ. ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ದಿನವಿಡೀ ಕಂಡಕಂಡವರಿಗೆಲ್ಲ ‘ಉಸಿರು ಬಿಗಿ ಹಿಡೀರಿ, ಈಗ ಬಿಡಿ’ ಎಂದು ಆಜ್ಞೆ ಮಾಡುವ ಭಾಗ್ಯ ನನ್ನದು. ಮನೆಗೆ ಬಂದ ಮೇಲೆ ಆ ಆಜ್ಞೆಗಳು ನಡೆಯುವುದಿಲ್ಲ, ಅದು ಬೇರೆ ಮಾತು. ನನ್ನ ಯಜಮಾನರು ಧಾರವಾಡದವರು, ಇಲ್ಲಿ ಜಿಪಿ, ಎಂದರೆ ಬಡಾವಣೆಯ ಡಾಕ್ಟರು. ಸುತ್ತಮುತ್ತ ಒಂದಷ್ಟು ಕನ್ನಡದವರಿದ್ದೇವೆ: ಡಾಕ್ಟರುಗಳು, ಸಾಲ್ಫರ್ಡಿನ ಐಟಿ ದಂಪತಿಗಳು, ಲೀಡ್ಸಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗುತ್ತೇವೆ. ಹಿಂದಿನ ವರ್ಷ ಸಮುದ್ರ ನೋಡಲು ಹೋಗಿ, ಸುರಿಯುವ ಮಳೆಯಲ್ಲಿ ಕಾರಿನಿಂದ ಇಳಿಯಲಾರದೆ, ಮಂಜು ಹಿಡಿದ ಗಾಜಿನೊಳಗೆ ಕೂತು ಬಿಸಿಬೇಳೆಬಾತ್ ತಿಂದು, ವೈಪರ್ ಆಡಿದಾಗಲೆಲ್ಲ ಒಂದೊಂದು ತುಣುಕು ಸಮುದ್ರ ನೋಡಿ ವಾಪಸ್ಸು ಬಂದಿದ್ದೆವು. ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊಣಗಿದವಳು ನಾನು. ಗೊಣಗಿದವರ ತಲೆಗೇ ಮುಂದಿನ ವರ್ಷದ ಹೊಣೆ ಕಟ್ಟುವುದು ನಮ್ಮ ಗುಂಪಿನ ಅಲಿಖಿತ ಕಾನೂನು.

ಅದೇ ಸಮಯಕ್ಕೆ ನಮ್ಮ ವಿಭಾಗಕ್ಕೆ ಡೆನೀಸ್ ಬಂದಿದ್ದಳು. ಆಸ್ಟ್ರೇಲಿಯಾದವಳು, ಅಲ್ಲಿಯ ಮೂಲನಿವಾಸಿ ಸಮುದಾಯದವಳು, ನನ್ನದೇ ವಯಸ್ಸು, ನನ್ನ ಹಾಗೆಯೇ ಸದಾ ತಣ್ಣಗಿರುವ ಕೈ. ಎರಡು ವರ್ಷದ ಕೆಲಸಕ್ಕೆಂದು ಬಂದಿದ್ದಳು. ಒಮ್ಮೆ ಕ್ಯಾಂಟೀನಿನಲ್ಲಿ ಮಾತಾಡುತ್ತ, ಎಕ್ಸ್‌ರೇ ಕಲಿಯುವುದಕ್ಕೆ ಮುಂಚೆ ತಾನು ತನ್ನ ಸೋದರಮಾವನ ಜೊತೆ ಅಲ್ಲಿಯ ನ್ಯಾಷನಲ್ ಪಾರ್ಕಿನಲ್ಲಿ ಪ್ರವಾಸಿಗಳನ್ನು ಕರೆದುಕೊಂಡು ನಡೆಯುತ್ತಿದ್ದೆ ಎಂದಳು. ತಮ್ಮ ಜನರ ನೆಲ, ತಮ್ಮ ನದಿ, ಅದರ ಕಥೆ, ಯಾವ ಗಿಡ ಯಾವುದಕ್ಕೆ, ಎಲ್ಲಿ ಕಾಲಿಡಬಾರದು, ಇವನ್ನೆಲ್ಲ ತೋರಿಸುತ್ತ ನಡೆಯುವುದು. ನನಗೆ ತಕ್ಷಣ ತಲೆಯೊಳಗೆ ದೀಪ ಹತ್ತಿತು. “ಪೀಕ್ ಡಿಸ್ಟ್ರಿಕ್ಟ್ ಕೂಡ ನ್ಯಾಷನಲ್ ಪಾರ್ಕೇ. ನಮ್ಮ ಕಾರಿನಲ್ಲಿ ಅರ್ಧ ಗಂಟೆ. ನಮ್ಮ ಗುಂಪಿನ ಜೊತೆ ನಡೆಯೋಕೆ ಬರ್ತೀಯಾ?” ಎಂದೆ. ಬಾಯಿತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡು ಅವಳು, “ಬರ್ತೀನಿ. ನಡೆಯೋದು ಅಂದ್ರೆ ನಂಗೆ ಇಷ್ಟ” ಎಂದಳು. ಜೊತೆಗೆ ನಡೆಯಲು ಬರುತ್ತೇನೆ ಎಂದದ್ದನ್ನು ನಾನು ಮುಂದೆ ನಿಂತು ನಡೆಸಲು ಬರುತ್ತೇನೆ ಎಂದು ಕೇಳಿಸಿಕೊಂಡೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ, ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿರುತ್ತದೆ.

ಆ ಸಂಜೆಯೇ ವಾಟ್ಸಾಪಿನಲ್ಲಿ ಘೋಷಣೆ ಹಾಕಿದೆ: ‘ಆಸ್ಟ್ರೇಲಿಯಾದ ಮೂಲನಿವಾಸಿ ಮಾರ್ಗದರ್ಶಕಿಯೊಂದಿಗೆ ಪೀಕ್ ಡಿಸ್ಟ್ರಿಕ್ಟಿನಲ್ಲಿ ಸಾಂಸ್ಕೃತಿಕ ನಡಿಗೆ.’ ಅದನ್ನು ಓದಿ ಯಾರಿಗೂ, ಮುಖ್ಯವಾಗಿ ನನಗೆ, ಅದರಲ್ಲಿ ಏನೋ ಎಡವಟ್ಟಿದೆ ಎನ್ನಿಸಲಿಲ್ಲ. ಹೆಬ್ಬೆರಳುಗಳ ಸುರಿಮಳೆಯಾಯಿತು. ನಮ್ಮಲ್ಲೆಲ್ಲ ಹಿರಿಯರಾದ, ನಿವೃತ್ತ ಸರ್ಜನ್ ಶ್ರೀಪತಿಯವರು ಫೋನ್ ಮಾಡಿ, “ಏನಮ್ಮಾ, ಬೂಮರಾಂಗ್ ತರ್ತಾರೇನು? ನನಗೆ ಭುಜ ಸರಿಯಿಲ್ಲ, ಎಸೆಯೋಕೆ ಆಗಲ್ಲ, ಮೊದಲೇ ಹೇಳಿಬಿಟ್ಟಿದ್ದೀನಿ” ಎಂದರು.

ಮೇ ತಿಂಗಳ ಭಾನುವಾರ. ಬಿಸಿಲು. ಒಂದು ಸಣ್ಣ ಹಳ್ಳಿಯ ಕಾರ್ ಪಾರ್ಕಿನಲ್ಲಿ ಮೂವತ್ತು ಜನ ಸೇರಿದೆವು. ಡೆನೀಸ್ ಬೆನ್ನಿಗೊಂದು ಚೀಲ ಹಾಕಿಕೊಂಡು, ಎಲ್ಲರಿಗೂ ಕೈಕುಲುಕುತ್ತ ಸಂತೋಷವಾಗಿದ್ದಳು. ಆಗ ಲೀಡ್ಸಿನ ಹುಡುಗರು ತಮ್ಮ ವ್ಯಾನಿನಿಂದ ಒಂದು ಬ್ಯಾನರ್ ಬಿಚ್ಚಿದರು. ನಾನು ಹೇಳಿರಲಿಲ್ಲ, ದೇವರಾಣೆ. ನನ್ನ ವಾಟ್ಸಾಪ್ ಸಾಲನ್ನೇ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದರು. ಮೂಲೆಯಲ್ಲಿ ಎರಡು ಕಾಂಗರೂ.

“ಇದೇನು ಬರೆದಿರೋದು?” ಎಂದಳು ಡೆನೀಸ್.

ಸುಳ್ಳು ಹೇಳೋಣವೆಂದರೆ ಕಾಂಗರೂಗಳು ಅಡ್ಡ ನಿಂತಿದ್ದವು. ಅನುವಾದಿಸಿದೆ. ಅವಳು ಬ್ಯಾನರನ್ನು ನೋಡಿದಳು, ಎದುರಿನ ಗುಡ್ಡವನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು: “ಇದು ನನ್ನ ಜನರ ನೆಲ ಅಲ್ಲ. ಇಲ್ಲಿ ನಾನೂ ನಿನ್ನ ಹಾಗೆ ಹೊರಗಿನವಳು. ಇನ್ನೊಬ್ಬರ ನೆಲದಲ್ಲಿ ಅವರನ್ನ ಕೇಳದೆ ನಾನು ಜನರನ್ನ ಕರಕೊಂಡು ಹೋದೆ ಅಂತ ಗೊತ್ತಾದರೆ, ನಮ್ಮ ಮಾವ ಅಲ್ಲಿಂದ ಬಂದು ನನ್ನ ಕಿವಿ ಹಿಂಡ್ತಾನೆ. ನಾನು ನಿಮ್ಮ ಜೊತೆ ನಡೀತೀನಿ. ಆದರೆ ಮೊದಲು ಈ ಊರಿನ ಹಿರಿಯರನ್ನ ಒಂದು ಮಾತು ಕೇಳೋಣ. ಇಲ್ಲಿ ಯಾರನ್ನ ಕೇಳಬೇಕು?”

ಯಾರನ್ನ ಕೇಳಬೇಕು! ಮೂವತ್ತು ಜನ ನನ್ನ ಮುಖ ನೋಡಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಕೈಯಲ್ಲಿ ಚಿತ್ರಾನ್ನದ ಡಬ್ಬಿಗಳ ಚೀಲ ಹಿಡಿದು ನಿಂತಿದ್ದರು. “ಯಾರನ್ನ ಕೇಳೂದು? ಪಬ್ಲಿಕ್ ಫುಟ್‌ಪಾತ್ ಅಂತ ಬೋರ್ಡ್ ಅಲ್ಲೇ ಅದ ನೋಡು. ಕೌನ್ಸಿಲ್ ಟ್ಯಾಕ್ಸ್ ಕಟ್ಟತೇವಿ. ನಡೀರಿ, ಹಸಿವಿ ಆಗ್ಲಿಕ್ಕೆ ಹತ್ತೇದ” ಎಂದರು. ಅವರ ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಡೆನೀಸಳ ಮುಖದಲ್ಲಿ ನಗು ಇದ್ದರೂ ಕಾಲು ಅಲ್ಲಾಡಿರಲಿಲ್ಲ. ಸರಿ, ಕೇಳಿಯೇ ಬಿಡೋಣ ಎಂದು ಹೊರಟೆ. ಇದೇನು ಮಹಾ ಕೆಲಸ? ಇಂಗ್ಲೆಂಡಿನ ಹಳ್ಳಿಯಲ್ಲಿ ಇಂಗ್ಲಿಷರನ್ನು ಹುಡುಕುವುದು ಕಷ್ಟವೇ?

ಮೂಲೆಯ ಕೆಫೆಯಲ್ಲಿ ಕೆಂಪು ಕೆನ್ನೆಯ ಹೆಂಗಸು ಮೇಜು ಒರೆಸುತ್ತಿದ್ದಳು. ಕೇಳಿದೆ. “ಅಯ್ಯೋ, ನಾನಲ್ಲ ಲವ್! ನಾನು ಲೀಡ್ಸಿನವಳು. ಬಂದು ಹನ್ನೊಂದು ವರ್ಷ ಆಯಿತು, ಇನ್ನೂ ಹೊಸಬಳು ಅಂತಲೇ ಕರೀತಾರೆ” ಎಂದಳು. ಆಚೆ ಟ್ರ್ಯಾಕ್ಟರ್ ಮೇಲೆ ಕೂತಿದ್ದ ರೈತನನ್ನು ತೋರಿಸಿದಳು. ನೋಡಿದರೆ ಆ ಮಣ್ಣಿನಿಂದಲೇ ಎದ್ದುಬಂದವನಂತಿದ್ದ. ಅವನು ಟೋಪಿ ಹಿಂದಕ್ಕೆ ಸರಿಸಿ ಬಹಳ ಹೊತ್ತು ಯೋಚಿಸಿದ. “ನಮ್ಮನ್ನ ಕೇಳಿದರೆ ತಪ್ಪಾಗುತ್ತೆ. ನಾವು ಮೂಲ ಇಲ್ಲಿಯವರಲ್ಲ. ನಮ್ಮ ತಾತ ಚೆಶೈರ್ ಕಡೆಯಿಂದ ಬಂದವನು” ಎಂದ. ಚೆಶೈರ್ ಎಲ್ಲಿದೆ ಎಂದು ಕೇಳಿದರೆ ಎದುರಿನ ಗುಡ್ಡದ ಆಚೆ ಬದಿಗೆ ಕೈ ತೋರಿಸಿದ.

ಶ್ರೀಪತಿಯವರು ಬೂಮರಾಂಗ್ ಮರೆತು ಬೆರಗಾಗಿ ನಿಂತುಬಿಟ್ಟರು. “ಮೂವತ್ತೈದು ವರ್ಷದಿಂದ ಈ ದೇಶದಲ್ಲಿ ಎಲ್ಲರೂ ನನ್ನನ್ನ ಕೇಳ್ತಾರೆ, ನೀವು ನಿಜವಾಗಿ ಎಲ್ಲಿಯವರು ಅಂತ. ಆಪರೇಷನ್ ಟೇಬಲ್ ಮೇಲೆ ಮಲಗಿದವರೂ ಕೇಳಿದ್ದಾರಮ್ಮ, ಅರಿವಳಿಕೆ ಏರೋ ಮೊದಲು. ಈಗ ನೋಡಿದರೆ ಇವರೇ ಇಲ್ಲಿಯವರಲ್ಲವಲ್ಲ!”

ಕೊನೆಗೆ ಆ ರೈತನೇ ದಾರಿ ಹೇಳಿದ. ಚರ್ಚಿನ ಪಕ್ಕದ ಮನೆ, ಹಸಿರು ಬಾಗಿಲು, ಮಿಸೆಸ್ ಹಾರ್ಟ್ಲಿ. “ಅವಳೊಬ್ಬಳೇ. ಅವಳಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲ ಅದೇ ಚರ್ಚಿನ ಅಂಗಳದಲ್ಲಿ ಮಲಗಿದ್ದಾರೆ” ಎಂದು ಹೇಳಿ, ಇಂಜಿನ್ ಚಾಲೂ ಮಾಡುವ ಮುಂಚೆ “ಹುಷಾರು” ಎಂದೂ ಸೇರಿಸಿದ.

ಬಾಗಿಲು ತೆರೆದವರು ತೊಂಬತ್ತರ ಆಸುಪಾಸಿನ, ಹಕ್ಕಿಯಂಥ ಮುದುಕಿ. ಕೈಯಲ್ಲಿ ಊರುಗೋಲು. ನನ್ನ ಹಿಂದೆ ಡೆನೀಸ್, ಅವಳ ಹಿಂದೆ ಮೂವತ್ತು ಜನ, ಎಲ್ಲಕ್ಕೂ ಹಿಂದೆ ಮಡಚಲು ಮರೆತ ಬ್ಯಾನರ್ ಮತ್ತು ಕಾಂಗರೂಗಳು. “ನಾನು ಯಾವುದಕ್ಕೂ ಚಂದಾ ಕೊಡಲ್ಲ” ಎಂದರು ಮಿಸೆಸ್ ಹಾರ್ಟ್ಲಿ. ನಾವು ಚಂದಾ ಕೇಳಲು ಬಂದಿಲ್ಲ, ಈ ಗುಡ್ಡದ ಮೇಲೆ ನಡೆದಾಡಲು ನಿಮ್ಮ ಅಪ್ಪಣೆ ಕೇಳಲು ಬಂದಿದ್ದೇವೆ ಎಂದು ತೊದಲಿದೆ. ಅವರಿಗೆ ಅರ್ಥವಾಗಲಿಲ್ಲ. ಡೆನೀಸ್ ಮುಂದೆ ಬಂದು, ತಾನು ಯಾರು, ಎಲ್ಲಿಯವಳು, ಯಾರ ಮೊಮ್ಮಗಳು ಎಂದು ಹೇಳಿ, “ನಿಮ್ಮ ನೆಲದಲ್ಲಿ ನಡೆಯೋ ಮುಂಚೆ ಕೇಳೋಣ ಅಂತ” ಎಂದಳು. ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂತೋ ಗಾಳಿಗೆ ಹಾಗೆ ಕಂಡಿತೋ ತಿಳಿಯದು. “ನಾನು ಹುಟ್ಟಿದಾಗಿನಿಂದ ಈ ಕಿಟಕಿ ಮುಂದೆ ಜನ ಗುಡ್ಡಕ್ಕೆ ಹೋಗ್ತಿದ್ದಾರೆ. ನನ್ನ ಗೇಟಿಗೆ ಅಡ್ಡ ಕಾರು ನಿಲ್ಲಿಸ್ತಾರೆ, ನನ್ನ ಗೋಡೆ ಮೇಲೆ ಕೂತು ಚಿಪ್ಸ್ ತಿಂತಾರೆ. ಕೇಳಿದವರು ನೀವೇ ಮೊದಲು.”

ಎಂಥ ಘಳಿಗೆ! ಇದನ್ನು ನಾನೇ ಏರ್ಪಡಿಸಿದೆನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿರುವಾಗ ಮಿಸೆಸ್ ಹಾರ್ಟ್ಲಿ ಮೂಗು ಒರೆಸಿಕೊಂಡು ಹೇಳಿದರು: “ಆಗಲ್ಲ.”

“ಏನಂದಿರಿ?”

“ಅಪ್ಪಣೆ ಕೇಳಿದಿರಿ. ಕೊಡಲ್ಲ ಅಂದೆ.”

ಹಿಂದಿನಿಂದ ನಮ್ಮ ಯಜಮಾನರ ದನಿ ಕೇಳಿಸಿತು: “ನಾ ಮೊದಲೇ ಹೇಳಿದ್ದೆ. ಕೇಳಬಾರದಿತ್ತು!” ಗುಂಪಿನಲ್ಲಿ ಗುಜುಗುಜು ಎದ್ದಿತು. ಲೀಡ್ಸಿನ ಹುಡುಗನೊಬ್ಬ ಕಾನೂನು ಓದುವವನು; ಸಾರ್ವಜನಿಕ ದಾರಿಯ ಹಕ್ಕಿನ ಬಗ್ಗೆ ಮುದುಕಿಗೆ ಪಾಠ ಹೇಳಲು ಮುಂದೆ ಬಂದ. ಡೆನೀಸ್ ಅವನ ತೋಳು ಹಿಡಿದು ನಿಲ್ಲಿಸಿದಳು. “ಬೇಡ ಅನ್ನೋಕೆ ಅವಕಾಶ ಇಲ್ಲದಿದ್ದರೆ ಅದು ಕೇಳಿದ ಹಾಗಲ್ಲ” ಎಂದು ಅವನಿಗೆ ಹೇಳಿ, ಮುದುಕಿಯ ಕಡೆ ತಿರುಗಿ, “ಸರಿ. ಥ್ಯಾಂಕ್ಯೂ” ಎಂದಳು. ಅಷ್ಟೇ. ಚೀಲ ಸರಿಮಾಡಿಕೊಂಡು ಕಾರ್ ಪಾರ್ಕಿನ ಕಡೆ ಹೊರಟೇ ಬಿಟ್ಟಳು. ಮೂವತ್ತು ಜನರನ್ನು, ಅಷ್ಟೂ ಚಿತ್ರಾನ್ನವನ್ನು, ಸುರಿಯುತ್ತಿರುವ ಆ ಅಪರೂಪದ ಬಿಸಿಲನ್ನು ಏನು ಮಾಡಲಿ ಎಂದು ನಾನು ಕಲ್ಲಿನಂತೆ ನಿಂತೆ.

ನನಗಿಂತ ಹೆಚ್ಚು ಗಾಬರಿಯಾದದ್ದು ಮಿಸೆಸ್ ಹಾರ್ಟ್ಲಿಗೆ. ಬೇಡ ಎಂದರೆ ಯಾರಾದರೂ ಆ ಮಾತಿಗೆ ಬೆಲೆ ಕೊಡುತ್ತಾರೆ ಎಂದು ಅವರು ನಿರೀಕ್ಷಿಸಿಯೇ ಇರಲಿಲ್ಲ. “ಏಯ್, ನಿಂತ್ಕೋ!” ಎಂದು ಡೆನೀಸಳನ್ನು ಕೂಗಿದರು. “ಮೇಲೆ ಬೇಡ ಅಂದೆ. ಅಲ್ಲಿ ಹಕ್ಕಿಗಳು ನೆಲದ ಮೇಲೆ ಕಾವಿಗೆ ಕೂತಿವೆ, ಇಷ್ಟು ಜನ ಹೋದರೆ ಎದ್ದು ಹಾರಿಹೋಗ್ತವೆ. ಕೆಳಗಿನ ದಾರೀಲಿ ಹೋಗಬಹುದು. ಇರು, ನನ್ನ ಹ್ಯಾಟು ತರ್ತೀನಿ.”

ಹ್ಯಾಟು ಬಂತು, ಕೋಟು ಬಂತು, ಲೇಸು ಬಿಗಿದ ದಪ್ಪ ಬೂಟು ಬಂತು. ಮಿಸೆಸ್ ಹಾರ್ಟ್ಲಿ ಊರುಗೋಲು ಊರಿಕೊಂಡು ಮುಂದೆ, ನಾವೆಲ್ಲ ಹಿಂದೆ. ಹೊರಡುವ ಮುಂಚೆ ತಿರುಗಿ ನಿಂತು ಸ್ವಾಗತ ಭಾಷಣ ಮಾಡಿದರು. ಒಂದೇ ವಾಕ್ಯ: “ಗೇಟು ತೆಗೆದವರು ಗೇಟು ಹಾಕಬೇಕು.” ಡೆನೀಸ್ ನನ್ನ ಕಿವಿಯಲ್ಲಿ, “ಮೂಲನಿವಾಸಿ ಗೈಡ್ ಇರ್ತಾರೆ ಅಂತ ಬರೆದಿದ್ದೆಯಲ್ಲ, ಸಿಕ್ಕರು ನೋಡು” ಎಂದಳು.

ಆ ನಡಿಗೆಯ ಸಾಂಸ್ಕೃತಿಕ ಮಹತ್ವದ ಬಗ್ಗೆ ಏನು ಹೇಳಲಿ? ನಾನು ನಿರೀಕ್ಷಿಸಿದ್ದು ಗಿಡಮೂಲಿಕೆ, ಪ್ರಾಚೀನ ಕಲ್ಲು, ಗಂಭೀರವಾದ ಮೌನ. ಮಿಸೆಸ್ ಹಾರ್ಟ್ಲಿ ಹೇಳಿದ್ದೆಲ್ಲ ಜಗಳದ ಕಥೆಗಳು. ಈ ಕಲ್ಲಿನ ಗೋಡೆ ಇಲ್ಲಿರಬಾರದು, ಅಪ್ಪ ಯುದ್ಧಕ್ಕೆ ಹೋಗಿದ್ದಾಗ ಪಕ್ಕದವರು ಈಚೆಗೆ ಸರಿಸಿದರು. ಈ ಸೇತುವೆಯ ಮೇಲೆ ಅಣ್ಣತಮ್ಮಂದಿರಿಬ್ಬರು ಒಂದು ಕುರಿಯ ವಿಷಯಕ್ಕೆ ಮಾತು ಬಿಟ್ಟವರು ಸಾಯುವವರೆಗೂ ಆಡಲಿಲ್ಲ. ಆ ಮನೆಯ ಹೆಂಗಸು ಅಂಚೆಯವನ ಜೊತೆ ಹೋದಳು, ಒಳ್ಳೆಯದೇ ಮಾಡಿದಳು. ನಮ್ಮವರಿಗೆ ಪರಮಾನಂದ. ಬೂಮರಾಂಗ್ ಇಲ್ಲದೆ ಪೆಚ್ಚಾಗಿದ್ದ ಶ್ರೀಪತಿಯವರು ಅವರ ಪಕ್ಕದಲ್ಲೇ ನಡೆಯುತ್ತ, “ಆಮೇಲೆ? ಆ ಅಂಚೆಯವನ ಹೆಂಡತಿ ಸುಮ್ಮನಿದ್ದಳಾ?” ಎಂದು ಒಂದೊಂದನ್ನೂ ಬುಡಸಮೇತ ವಿಚಾರಿಸಿದರು. ಸಾಲ್ಫರ್ಡಿನ ಒಬ್ಬ ಹುಡುಗಿ, “ನಮ್ಮ ಬೀದಿಯ ಕಥೆನೇ ಇಂಗ್ಲಿಷಲ್ಲಿ ಕೇಳಿದ ಹಾಗಾಗುತ್ತೆ ಆಂಟಿ” ಎಂದಳು.

ಹೊಳೆಯ ದಡದಲ್ಲಿ ಊಟಕ್ಕೆ ಕೂತೆವು. ಡೆನೀಸ್ ನೀರಿನ ಅಂಚಿಗೆ ಹೋಗಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು ತನ್ನ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿ, ನೀರನ್ನು ಮತ್ತೆ ಹೊಳೆಗೆ ಬಿಟ್ಟಳು. “ಹೊಳೆಗೆ ಏನು ಹೇಳಿದೆ?” ಎಂದರು ಮಿಸೆಸ್ ಹಾರ್ಟ್ಲಿ. “ನಾನು ಯಾರು, ನಮ್ಮಜ್ಜಿ ಯಾರು ಅಂತ ಹೇಳಿದೆ.” ಮುದುಕಿ ಚಿತ್ರಾನ್ನದ ಶೇಂಗಾ ಜಾಗ್ರತೆಯಾಗಿ ಅಗಿಯುತ್ತ, ಮರ್ಯಾದೆ ಗೊತ್ತಿರುವ ಹುಡುಗಿ ಎಂಬಂತೆ ತಲೆಯಾಡಿಸಿದರು. ನಾನು ಸುಮ್ಮನಿರಬಾರದೇ? ಮಾತಿಗೆಂದು, ಹೀಗೆ ಅಪ್ಪಣೆ ಕೇಳುವುದನ್ನು ಯಾರು ಕಲಿಸಿದರು ಎಂದೆ.

“ಅಜ್ಜಿ” ಎಂದಳು ಡೆನೀಸ್. “ಅವಳ ಕಾಲದಲ್ಲಿ ಸರ್ಕಾರದವರು ನಮ್ಮವರನ್ನೆಲ್ಲ ನದಿ ದಡದಿಂದ ಎಬ್ಬಿಸಿ ದೂರದಲ್ಲಿ ಬೇಲಿ ಹಾಕಿ ಇಟ್ಟಿದ್ದರು. ಅದಕ್ಕೊಬ್ಬ ಮ್ಯಾನೇಜರ್. ತನ್ನ ಹೆತ್ತಮ್ಮನನ್ನ ನೋಡಿ ಬರೋಕೆ ಅಜ್ಜಿ ಅವನ ಮುಂದೆ ನಿಂತು ಅಪ್ಪಣೆ ಕೇಳಬೇಕಿತ್ತು. ತನ್ನದೇ ನೆಲದಲ್ಲಿ. ಒಂದು ಸಲ ಅವನು ಬೇಡ ಅಂದ. ಆ ವಾರವೇ ಅವಳಮ್ಮ ತೀರಿಕೊಂಡಳು.” ಚಮಚ ಕೆಳಗಿಟ್ಟಳು. “ಬಿಡುಗಡೆ ಆದಮೇಲೆ ಅಜ್ಜಿ ಎಲ್ಲಿಗೆ ಹೋದರೂ ಅಲ್ಲಿಯವರನ್ನ ತಾನೇ ಕೇಳ್ತಿದ್ದಳು. ನಿಂಗೆ ಬೇಜಾರಾಗಲ್ವಾ ಅಂದರೆ, ಬಲವಂತಕ್ಕೆ ಕೇಳೋದೇ ಬೇರೆ, ಮರ್ಯಾದೆಗೆ ಕೇಳೋದೇ ಬೇರೆ ಅನ್ನೋಳು.”

ಹೊಳೆ ಹರಿಯುತ್ತಿತ್ತು. ದಿನವೂ ಪಕ್ಕದಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುವವಳು. ಡ್ಯೂಟಿ ಪಾಳಿ ಬದಲಾಯಿಸಿಕೊಡು ಎಂದು ವಾರಕ್ಕೊಮ್ಮೆ ಪೀಡಿಸುತ್ತಿದ್ದೆ. ನನಗೆ ಇಷ್ಟು ದೊಡ್ಡ ಸಂಗತಿಯ ಒಂದೆಳೆಯೂ ಗೊತ್ತಿರಲಿಲ್ಲ. ಬ್ಯಾನರಿನ ಕಾಂಗರೂಗಳು ನೆನಪಾಗಿ ಮೈ ಮುದುಡಿತು. ಆಗ ಮಿಸೆಸ್ ಹಾರ್ಟ್ಲಿ ಆ ಮ್ಯಾನೇಜರನನ್ನು ಕುರಿತು ಒಂದೇ ಒಂದು ಪದ ಅಂದರು. ಚರ್ಚಿನ ಪಕ್ಕದ ಮನೆಯವರ ಬಾಯಿಂದ, ಭಾನುವಾರ, ಹ್ಯಾಟು ಹಾಕಿಕೊಂಡು ಬರುವಂಥ ಪದವಲ್ಲ. ನಾನೂ ಇಲ್ಲಿ ಬರೆಯುವಂತಿಲ್ಲ. ನಮ್ಮ ಗುಂಪಿನ ಮಕ್ಕಳೆಲ್ಲ ಒಟ್ಟಿಗೇ ತಲೆಯೆತ್ತಿದರು. ಡೆನೀಸ್ ಒಂದು ಕ್ಷಣ ಅವರನ್ನೇ ನೋಡಿ ನಕ್ಕಳು, ಕಣ್ಣೊರೆಸಿಕೊಂಡಳು, ಇನ್ನೊಂದಿಷ್ಟು ಚಿತ್ರಾನ್ನ ಹಾಕಿಸಿಕೊಂಡಳು. ಯಜಮಾನರೇ ಎದ್ದು ಬಡಿಸಿದರು, ಮುದುಕಿಗೂ ಬಡಿಸಿದರು.

ಸಂಜೆ ಹಸಿರು ಬಾಗಿಲ ಮುಂದೆ ಬೀಳ್ಕೊಡುವಾಗ ಮಿಸೆಸ್ ಹಾರ್ಟ್ಲಿ ನನ್ನ ಕೈ ಹಿಡಿದು, “ನನ್ನದು ನೋಡಿದಿರಿ. ಇನ್ನು ನಿನ್ನದು ತೋರಿಸು. ಮುಂದಿನ ಭಾನುವಾರ ಬರ್ತೀನಿ, ಬಸ್ಸು ಇದೆ” ಎಂದರು. ನನ್ನದು ಎಂದರೆ? ಸ್ಟಾಕ್‌ಪೋರ್ಟಿನ ಹೊರವಲಯದಲ್ಲಿ ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಮನೆಗಳ, ಮುಂದೆ ದಾರಿಯಿಲ್ಲದ ಒಂದು ಮೊಂಡು ಬೀದಿ. ಅಲ್ಲಿ ತೋರಿಸುವುದಕ್ಕೆ ಇರುವುದು ಮೂರು ಬಣ್ಣದ ಕಸದ ಡಬ್ಬಿಗಳು. ಹೋಗಲಿ, ಮರೆತುಬಿಡುತ್ತಾರೆ ಎಂದುಕೊಂಡೆ.

ಮುಂದಿನ ಭಾನುವಾರ ಅದೇ ಹ್ಯಾಟು, ಅದೇ ಕೋಟು, ಅದೇ ಬೂಟು ನಮ್ಮ ಬೀದಿಯ ತುದಿಯಲ್ಲಿ ಬಸ್ಸಿಳಿದವು. ಡೆನೀಸಳೇ ಹೋಗಿ ಕೈಹಿಡಿದು ಕರೆತಂದಿದ್ದಳು. ನಾನು ಬಾಗಿಲಲ್ಲಿ ನಿಂತು, “ಬನ್ನಿ ಬನ್ನಿ” ಎಂದೆ. ಅವರು ಬೀದಿಯಲ್ಲೇ ಊರುಗೋಲು ಊರಿ ನಿಂತರು. “ಹಾಗೆಲ್ಲ ಬರೋಕಾಗುತ್ತಾ? ಇಲ್ಲಿ ಯಾರನ್ನ ಕೇಳಬೇಕು?”

ಡೆನೀಸ್ ಆಕಾಶ ನೋಡಿದಳು. ಬೇರೆ ದಾರಿಯಿಲ್ಲದೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಷ್ಟು ವರ್ಷದಲ್ಲಿ ತಟ್ಟಿದ್ದು ಅದೇ ಮೊದಲೋ ಏನೋ. “ನಾನಲ್ಲಪ್ಪ, ನಾನು ಬಂದು ಆರು ವರ್ಷ” ಎಂದ ಅಲ್ಲಿಯ ಬಿಳಿ ಗಡ್ಡದವನು. ಎದುರು ಮನೆಯ ಪೋಲೆಂಡಿನ ದಂಪತಿಗಳು ಬಂದು ಮೂರು ವರ್ಷ. ಮೂಲೆಮನೆಯ ಲಿಂಡಾ ಖಂಡಿತ ಇಲ್ಲಿಯವಳೇ ಎಂದುಕೊಂಡಿದ್ದೆ. ಅವಳು ಬಂದದ್ದು ಬರ್ಮಿಂಗ್‌ಹ್ಯಾಮಿನಿಂದ. ಗದ್ದಲ ಕೇಳಿ ಉಳಿದವರೂ ಹೊರಗೆ ಬಂದರು. ಪೂರ್ತಿ ಬೀದಿ, ಮೈಸೂರಿನ ಹಾಗೆ, ಗೇಟಿನ ಹತ್ತಿರ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಲಿಂಡಾ ನನ್ನ ಕಡೆ ಬೆರಳು ಮಾಡಿ, “ನಾವೆಲ್ಲ ಬರೋ ಮುಂಚಿನಿಂದ ಇರೋದು ಇವಳೇ. ಇವಳನ್ನೇ ಕೇಳಿ” ಎಂದಳು.

“ನೋಡ್ರಿ, ಊರ ಗೌಡತಿ!” ಎಂದರು ಯಜಮಾನರು ಒಳಗಿನಿಂದ.

ಮಿಸೆಸ್ ಹಾರ್ಟ್ಲಿ ನನ್ನ ಕಡೆ ತಿರುಗಿದರು. ಹ್ಯಾಟು ಸರಿಮಾಡಿಕೊಂಡರು. ತಾವು ಯಾರು, ತಮ್ಮ ಅಮ್ಮ ಯಾರು, ಅಜ್ಜಿ ಯಾರು ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ, “ನಾನು ಒಳಗೆ ಬರಬಹುದಾ?” ಎಂದು ಕೇಳಿದರು. ಈ ದೇಶ ನನ್ನನ್ನು ಪಾಸ್‌ಪೋರ್ಟ್ ಕೇಳಿದೆ, ಪೋಸ್ಟ್‌ಕೋಡ್ ಕೇಳಿದೆ, ನಿಜವಾಗಿ ಎಲ್ಲಿಯವಳು ಎಂದಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದೆ. ಅಪ್ಪಣೆ ಕೇಳಿದ್ದು ಅದೇ ಮೊದಲು. ಎಲ್ಲರೂ ಕಾಯುತ್ತಿದ್ದರು. ಘನವಾದ ಮಾತೊಂದನ್ನು ಹೇಳಬೇಕಿತ್ತು. ಏನೂ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಅಭ್ಯಾಸಬಲದ ಮಾತು: “ಬನ್ನಿ. ಬೂಟು ಹೊರಗೆ ಬಿಟ್ಟು ಬನ್ನಿ.”

ಮಿಸೆಸ್ ಹಾರ್ಟ್ಲಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಅವುಗಳ ಉದ್ದದ ಲೇಸುಗಳನ್ನೂ, ತಮ್ಮ ಮೊಣಕಾಲುಗಳನ್ನೂ ನೋಡಿಕೊಂಡರು. “ಆಗಲ್ಲ” ಎಂದರು. ಮತ್ತು ಈ ಬೀದಿಯ ಮೂಲನಿವಾಸಿಯಾದ ನನ್ನನ್ನು ಊರುಗೋಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಾನು ಆ ಬೆಳಗ್ಗೆಯಷ್ಟೇ ಶಾಂಪೂ ಹಾಕಿ ಉಜ್ಜಿದ್ದ ಬಿಳಿ ಕಾರ್ಪೆಟ್ಟಿನ ಮೇಲೆ ಟಕಟಕನೆ ನಡೆದುಕೊಂಡು ಒಳಗೆ ಹೋದರು.